ಪುಚ್ಚೆಯ ಜಗಳ, ಬೆಕ್ಕಿನ ಚರ್ಮದ ಚೀಲ

ಇಂದಿನ ಧಮ್ಮ ಚಿಂತನೆ



ಕಳೆದ ಭಾನುವಾರ ಬಿ.ಸಿ. ರೋಡಿನಲ್ಲಿ ಸೇರಿದ್ದಾಗ ಬೆಳ್ತಂಗಡಿ ಕಡೆಯ ತಂಗಿಯೊಬ್ಬಳು ಒಂದು ಪ್ರಶ್ನೆ ಎತ್ತಿದಳು. ಯಾರದ್ದೂ ಅಲ್ಲದ ಮೂರು ಬೆಕ್ಕುಗಳಿಗೆ ಅವಳು ದಿನಾ ಅನ್ನ ಹಾಕುತ್ತಾಳೆ. ಆಚೆಮನೆಯವರು ದಿನಾ ಜಗಳಕ್ಕೆ ಬರುತ್ತಾರೆ. "ಅಕ್ಕಾ, ನಾನು ಮೈತ್ರಿ ಇಡಬೇಕಾದ್ದು ಬೆಕ್ಕಿನ ಮೇಲೋ, ಆಚೆಮನೆಯವರ ಮೇಲೋ?" ಎಂದು ಕೇಳಿದಳು. ಎಲ್ಲರೂ ನಕ್ಕೆವು. ಆದರೆ ಉತ್ತರ ಹೇಳಲು ಯಾರಿಗೂ ಆಗಲಿಲ್ಲ. ಅಷ್ಟರಲ್ಲಿ ನಮ್ಮ ಹಿರಿಯರೊಬ್ಬರು ಎದ್ದು ನಿಂತು, "ಈ ನಾಯಿ-ಬೆಕ್ಕಿನ ದಯೆ ಎಲ್ಲ ಮೇಲಿನವರ ಶೋಕಿ ಮಾರಾಯ್ರೇ. ನಮ್ಮನ್ನು ಅಂಗಳಕ್ಕೆ ಸೇರಿಸದವರು ನಾಯಿಯನ್ನು ಮಂಚದ ಮೇಲೆ ಮಲಗಿಸುತ್ತಿದ್ದರು" ಎಂದರು. ಸಭೆ ಅಲ್ಲಿಗೇ ನಿಂತಿತು. ಮೂಡುಬಿದಿರೆಯಲ್ಲಿ ನನಗೂ ಇಂಥದ್ದೇ ಒಬ್ಬರು ನೆರೆಯವರಿದ್ದಾರೆ ಎಂದು ಗೊತ್ತಿದ್ದವರು ಈ ವಾರದ ಪಾಠ ಬರೆಯುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು.

ಮೊದಲು ಹಿರಿಯರ ಮಾತನ್ನು ತೆಗೆದುಕೊಳ್ಳುತ್ತೇನೆ. ಅದನ್ನು ತಳ್ಳಿಹಾಕಿ ಮುಂದೆ ಹೋಗುವುದು ಸರಿಯಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಗೆ ಇಳಿದು ಬೊಗಸೆಯಲ್ಲಿ ನೀರೆತ್ತಿದರು. ದನಕರು ಬಾಯಿ ಹಾಕಿದರೆ ಕೆಡದ ನೀರು ಮನುಷ್ಯರು ಮುಟ್ಟಿದರೆ ಕೆಡುತ್ತದೆ ಎಂದು ಊರು ನಂಬಿತ್ತು. ಅದೇ ವರ್ಷ ಡಿಸೆಂಬರ್ 25ರಂದು ಅದೇ ಮಹಾಡದಲ್ಲಿ ಮನುಸ್ಮೃತಿಯನ್ನು ಸುಟ್ಟರು. ಆ ಪುಸ್ತಕದ ಹನ್ನೊಂದನೇ ಅಧ್ಯಾಯದಲ್ಲಿ ಪ್ರಾಯಶ್ಚಿತ್ತಗಳ ಪಟ್ಟಿಯಿದೆ. ಬೆಕ್ಕು, ಮುಂಗುಸಿ, ಕಪ್ಪೆ, ನಾಯಿ, ಉಡ, ಗೂಬೆ, ಕಾಗೆ ಇವುಗಳನ್ನು ಕೊಂದವನು ಶೂದ್ರನನ್ನು ಕೊಂದವನ ಪ್ರಾಯಶ್ಚಿತ್ತವನ್ನೇ ಮಾಡಿಕೊಳ್ಳಬೇಕು ಎಂದು ಅಲ್ಲಿ ವಿಧಿಸಿದೆ. ಬೆಕ್ಕಿನ ಪ್ರಾಣಕ್ಕೂ ಶೂದ್ರನ ಪ್ರಾಣಕ್ಕೂ ಒಂದೇ ದರ. ಶೂದ್ರನಿಗೇ ಈ ದರವಾದರೆ, ವರ್ಣಗಳ ಲೆಕ್ಕಕ್ಕೇ ಬರದ ನಮ್ಮ ಹಿರಿಯರ ದರ ಎಷ್ಟಿದ್ದೀತು ಎಂದು ಬೇರೆ ಹೇಳಬೇಕಾಗಿಲ್ಲ. ಎಂ.ಎ. ಓದುವಾಗ ಈ ಭಾಗವನ್ನು ಮೊದಲ ಸಲ ನೋಡಿದ ದಿನ ನನಗೆ ಊಟ ಸೇರಿರಲಿಲ್ಲ. ಆದ್ದರಿಂದ ಹಿರಿಯರ ಸಿಟ್ಟು ಎಲ್ಲಿಂದ ಬಂತು ಎಂದು ನನಗೆ ಗೊತ್ತು.

ಆದರೆ ಆ ಸಾಲನ್ನು ಇನ್ನೊಂದು ಸಲ ಓದಿ ನೋಡಿ. ಅದನ್ನು ಬರೆದವನಿಗೆ ಬೆಕ್ಕಿನ ಮೇಲೆ ಪ್ರೀತಿಯಿರಲಿಲ್ಲ. ಬೆಕ್ಕನ್ನೂ ನಮ್ಮನ್ನೂ ಒಟ್ಟಿಗೇ ಅಗ್ಗ ಮಾಡಿದ್ದ, ಅಷ್ಟೇ. ಇಬ್ಬರ ಪ್ರಾಣವೂ ಅಗ್ಗವೆಂದು ಬರೆದವನ ಲೆಕ್ಕವನ್ನು ತಿದ್ದಬೇಕಾದರೆ ನಾವು ಬೆಕ್ಕನ್ನು ಕೆಳಗೆ ನೂಕಿ ಮೇಲೇರಬೇಕೆಂದಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ ಇಪ್ಪತ್ತೆರಡು ಪ್ರತಿಜ್ಞೆಗಳಲ್ಲಿ ಹದಿಮೂರನೆಯದನ್ನು ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ಎಲ್ಲ ಜೀವಿಗಳ ಮೇಲೆ ದಯೆ ಇಟ್ಟು ಅವುಗಳನ್ನು ಕಾಪಾಡುವ ಮಾತು ಅದರಲ್ಲಿದೆ. ಮರುವರ್ಷ, ಅವರು ತೀರಿಕೊಂಡ ಮೇಲೆ ಪ್ರಕಟವಾದ 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಕರುಣೆಗೂ ಮೈತ್ರಿಗೂ ಅವರು ವ್ಯತ್ಯಾಸ ಮಾಡಿದ್ದಾರೆ. ಕರುಣೆ ಮನುಷ್ಯರ ಮೇಲಿನ ಪ್ರೀತಿ. ಮೈತ್ರಿ ಅದಕ್ಕಿಂತ ಮುಂದಿನದು, ಉಸಿರಾಡುವ ಎಲ್ಲದರ ಮೇಲಿನದು. ಹಾಗಾದರೆ ತಂಗಿಯ ಪ್ರಶ್ನೆಯಲ್ಲಿರುವ 'ಬೆಕ್ಕೋ, ಆಚೆಮನೆಯವರೋ' ಎಂಬ 'ಓ'ಕಾರವೇ ಬಿದ್ದುಹೋಗುತ್ತದೆ. ಕೇಳಲು ಚೆನ್ನಾಗಿದೆ. ಬೆಳಿಗ್ಗೆ ಏಳು ಗಂಟೆಗೆ ಗೇಟಿನ ಹತ್ತಿರ ಬೊಬ್ಬೆ ಶುರುವಾದಾಗ ಇದನ್ನು ನಡೆಸುವುದು ಹೇಗೆ ಎಂಬುದೇ ಕಷ್ಟ.

ನನ್ನ ಮನೆಯ ಸಂಗತಿ ಹೇಳುತ್ತೇನೆ. ನಾವು ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿ ಬಂದಾಗಲೇ ಅಲ್ಲಿ ಎರಡು ಹೆಣ್ಣು ಬೆಕ್ಕುಗಳಿದ್ದವು. ಬಂಗುಡೆ, ಬೂತಾಯಿ ತಂದ ದಿನ ತಲೆ-ಬಾಲ ಹಾಕುತ್ತಿದ್ದೆವು, ಉಳಿದ ದಿನ ಮೀನಿನ ಸಾರು ಕಲಸಿದ ಅನ್ನ. ವರ್ಷದೊಳಗೆ ಎರಡು ಏಳಾದವು. ಆಚೆಮನೆಯ ಯಜಮಾನರು ನಿವೃತ್ತರು. ಓಣಿಯಲ್ಲಿ ಸಾಧು ಮನುಷ್ಯರೆಂದು ಹೆಸರು. ಒಂದು ಬೆಳಿಗ್ಗೆ ಗೇಟು ಬಡಿದು, "ಎಂಥದ್ದು ಟೀಚರೇ ಇದು? ನಿಮ್ಮ ಪುಚ್ಚೆಗಳಿಗೆ ನನ್ನ ಅಂಗಳವೇ ಕಕ್ಕಸು ಆಯ್ತಲ್ಲ!" ಎಂದರು. ಮರುದಿನ, "ಮೀನು ತಿನ್ನುವವರಿಗೆ ಎಂಥ ಪ್ರಾಣಿದಯೆ? ಮೊದಲು ಆ ವಾಸನೆ ನಿಲ್ಲಿಸಿ" ಎಂದರು. ಮೂರನೆಯ ಸಲ ಬಂದಾಗ, "ಎಲ್ಲೆಲ್ಲಿಂದಲೋ ಬಂದವರು ಸೈಟು ತೆಗೆದುಕೊಂಡರೆ ಹೀಗೇ ಆಗುವುದು. ಮೀನಿನ ತಲೆಗೆ ಇಲಿ ಪಾಷಾಣ ಸವರಿ ಇಟ್ಟರೆ ಎರಡೇ ದಿನದ ಕೆಲಸ" ಎಂದರು.

ಇಲ್ಲಿ ಮೂರು ಮಾತುಗಳಿವೆ. ಮೂರಕ್ಕೂ ಒಂದೇ ಉತ್ತರ ಕೊಡಲಾಗುವುದಿಲ್ಲ. ಜಗಳದ ಬಿಸಿಯಲ್ಲಿ ನಮ್ಮಂಥವರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತೇವೆ. 'ಎಲ್ಲವೂ ಜಾತಿಯ ಮಾತೇ' ಎಂದು ಮೂರನ್ನೂ ಒಟ್ಟಿಗೆ ಎಸೆಯುತ್ತೇವೆ, ಇಲ್ಲವೇ 'ಎಲ್ಲವೂ ಬೆಕ್ಕಿನ ಮಾತೇ' ಎಂದು ಮೂರನ್ನೂ ನುಂಗುತ್ತೇವೆ. ಎರಡರಲ್ಲೂ ನಷ್ಟ ನಮಗೇ.

ಬೈಗುಳದ ವಿಷಯ ಬಂದಾಗಲೆಲ್ಲ ನಮ್ಮ ಬಳಗದಲ್ಲಿ ಅಕ್ಕೋಸ ಸುತ್ತದ ಕಥೆ ಬರುತ್ತದೆ. ರಾಜಗೃಹದ ವೇಳುವನದಲ್ಲಿ ಭಾರದ್ವಾಜ ಕುಲದ ಒಬ್ಬ ಬ್ರಾಹ್ಮಣ ಬಂದು ಬುದ್ಧರನ್ನು ಬೈಯುತ್ತಾನೆ. ನಿನ್ನ ಮನೆಗೆ ಬಂದ ಅತಿಥಿ ಊಟ ಮುಟ್ಟದಿದ್ದರೆ ಆ ಊಟ ಯಾರಿಗೆ ಉಳಿಯುತ್ತದೆ ಎಂದು ಬುದ್ಧರು ಕೇಳುತ್ತಾರೆ. ಕಥೆ ಎಲ್ಲರಿಗೂ ಗೊತ್ತಿದೆ, ಅದನ್ನು ವಿಸ್ತರಿಸುವುದಿಲ್ಲ. ಆದರೆ ನನಗೊಂದು ತಕರಾರಿದೆ. ಈ ಕಥೆಯನ್ನು ಮಾತ್ರ ಹೇಳಿ ನಿಲ್ಲಿಸಿದರೆ ನಮ್ಮ ಜನರ ಕಿವಿಗೆ ಅದು 'ಸುಮ್ಮನಿರು' ಎಂದು ಕೇಳಿಸುತ್ತದೆ. ಸುಮ್ಮನಿರುವುದನ್ನು ನಮಗೆ ಬುದ್ಧರು ಬಂದು ಕಲಿಸಬೇಕಾಗಿರಲಿಲ್ಲ, ಊರ ಗುತ್ತಿನವರೇ ಕಲಿಸಿದ್ದರು. ಬುದ್ಧರು ಆ ಬ್ರಾಹ್ಮಣನ ಎದುರು ಸುಮ್ಮನಿರಲಿಲ್ಲ, ತಿರುಗಿ ಪ್ರಶ್ನೆ ಕೇಳಿದರು ಎಂಬುದನ್ನು ಗಮನಿಸಿ.

ಆದ್ದರಿಂದ ಈ ವಾರ ಇನ್ನೊಂದು ಸುತ್ತವನ್ನು ಮುಂದಿಡುತ್ತೇನೆ. ಮಜ್ಝಿಮ ನಿಕಾಯದ ಇಪ್ಪತ್ತೊಂದನೆಯದು, ಕಕಚೂಪಮ ಸುತ್ತ. ಕಕಚ ಎಂದರೆ ಗರಗಸ. ಅದರಲ್ಲಿ ಬರುವ ಗರಗಸದ ಹೋಲಿಕೆಯೇ ಪ್ರಸಿದ್ಧ. ನನಗೆ ಅದಕ್ಕಿಂತ ಹತ್ತಿರವಾದದ್ದು ಕಾಳಿಯ ಕಥೆ.

ಸಾವತ್ಥಿಯಲ್ಲಿ ವೇದೇಹಿಕಾ ಎಂಬ ಮನೆಯೊಡತಿ ಇದ್ದಳು. ಬಹಳ ಶಾಂತಸ್ವಭಾವದವಳು, ವಿನಯವಂತೆ ಎಂದು ಊರೆಲ್ಲ ಹೆಸರು. ಅವಳ ದಾಸಿ ಕಾಳಿ. ಜಾಣೆ, ಚುರುಕು, ಕೆಲಸದಲ್ಲಿ ಒಂದು ಲೋಪವಿಲ್ಲ. ಒಂದು ದಿನ ಕಾಳಿಗೆ ಯೋಚನೆ ಬಂತು. ನನ್ನ ಒಡತಿಗೆ ಸಿಟ್ಟೇ ಇಲ್ಲವೋ, ಅಥವಾ ನಾನು ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡುವುದರಿಂದ ಒಳಗಿರುವ ಸಿಟ್ಟು ಹೊರಗೆ ಬಂದಿಲ್ಲವೋ? ಪರೀಕ್ಷೆ ಮಾಡಿಯೇ ನೋಡೋಣ ಎಂದು ತಡವಾಗಿ ಎದ್ದಳು. ಒಡತಿ ಹುಬ್ಬು ಗಂಟಿಕ್ಕಿದಳು. ಮರುದಿನ ಇನ್ನೂ ತಡ. ಬಾಯಿಗೆ ಬಂದಂತೆ ಬೈದಳು. ಮೂರನೆಯ ದಿನ ಮತ್ತೂ ತಡ. ಬಾಗಿಲಿನ ಅಗುಳಿ ತೆಗೆದು ಕಾಳಿಯ ತಲೆ ಒಡೆದಳು. ಕಾಳಿ ರಕ್ತ ಸುರಿಯುವ ತಲೆಯಲ್ಲೇ ಹೊರಗೆ ಬಂದು ನೆರೆಹೊರೆಯವರಿಗೆ ತೋರಿಸಿದಳು, ಶಾಂತಮೂರ್ತಿಯ ಕೆಲಸ ನೋಡಿ ಎಂದು.

ಬುದ್ಧರು ಈ ಕಥೆಯನ್ನು ಭಿಕ್ಖುಗಳಿಗೆ ಹೇಳಿದ್ದು, ಒಳ್ಳೆಯ ಮಾತು ಕೇಳುವವರೆಗೆ ಮಾತ್ರ ಶಾಂತರಾಗಿರುವುದು ಶಾಂತಿಯಲ್ಲ ಎಂದು ತೋರಿಸಲು. ನಾವು ಓದುವಾಗ ಕಾಳಿಯ ಕಡೆಯಿಂದಲೂ ಓದಬೇಕು. ಒಡತಿಯ ಸಾಧುತನ ನಿಂತಿದ್ದದ್ದು ದಾಸಿಯ ಬೆವರಿನ ಮೇಲೆ. ಅದನ್ನು ಕಂಡುಹಿಡಿದವಳು ದಾಸಿ. ಅನುಮಾನ ಬಂದಾಗ ಅವಳು ಗೊಣಗಲಿಲ್ಲ, ಪ್ರಯೋಗ ಮಾಡಿದಳು, ಫಲಿತಾಂಶವನ್ನು ನಾಲ್ಕು ಜನರ ಮುಂದಿಟ್ಟಳು. ನಾನು ಮಕ್ಕಳಿಗೆ ವಿಜ್ಞಾನ ಪಾಠ ಮಾಡುವವಳಲ್ಲ, ಆದರೂ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ನಮ್ಮ ಓಣಿಯ ಸಾಧು ಮನುಷ್ಯರ ಸಾಧುತನವನ್ನು ಪರೀಕ್ಷೆ ಮಾಡಿದ್ದು ಏಳು ಬೆಕ್ಕುಗಳು!

ಅದೇ ಸುತ್ತದಲ್ಲಿ ಮುಂದೆ, ಜನ ನಮ್ಮೊಡನೆ ಆಡುವ ಮಾತು ಐದು ಬಗೆಯಲ್ಲಿ ಬರಬಹುದು ಎನ್ನುತ್ತಾರೆ. ಹೊತ್ತರಿತದ್ದು ಅಥವಾ ಹೊತ್ತಲ್ಲದ ಹೊತ್ತಿನದು. ನಿಜ ಅಥವಾ ಸುಳ್ಳು. ಮೃದು ಅಥವಾ ಒರಟು. ಹಿತದ್ದು ಅಥವಾ ಕೇಡಿನದ್ದು. ಮೈತ್ರಿಯಿಂದ ಬಂದದ್ದು ಅಥವಾ ದ್ವೇಷದಿಂದ ಬಂದದ್ದು. ಯಾವ ಬಗೆಯ ಮಾತು ಬಂದರೂ ಮನಸ್ಸು ಕೆಡದಿರಲಿ ಎಂಬುದು ಅಲ್ಲಿಯ ಉಪದೇಶ. ನಾನು ಇದನ್ನು ಜರಡಿಯಾಗಿಯೂ ಬಳಸುತ್ತೇನೆ. ಒರಟು ಮಾತು ನಿಜವೂ ಆಗಿರಬಹುದು ಎಂಬುದನ್ನು ಈ ಪಟ್ಟಿ ನೆನಪಿಸುತ್ತದೆ. ಗೇಟು ಬಡಿದು ಹೇಳಿದರು ಎಂಬ ಕಾರಣಕ್ಕೆ ಅಂಗಳದ ಗಲೀಜು ಸುಳ್ಳಾಗುವುದಿಲ್ಲ.

ಇನ್ನು ಶೀರ್ಷಿಕೆಯ ಚೀಲ. ಚೆನ್ನಾಗಿ ಹದಮಾಡಿ, ತಿಕ್ಕಿ, ಹತ್ತಿಯ ಹಾಗೆ ಮೆತ್ತಗೆ ಮಾಡಿದ ಬೆಕ್ಕಿನ ಚರ್ಮದ ಚೀಲವನ್ನು ಕೋಲಿನಿಂದಲೋ ಮಡಕೆಯ ಚೂರಿನಿಂದಲೋ ಬಡಿದು ಪರಪರ ಸದ್ದು ಮಾಡಿಸಲು ಆಗುವುದಿಲ್ಲ, ಮನಸ್ಸು ಹಾಗಿರಲಿ ಎಂಬ ಹೋಲಿಕೆ ಈ ಸುತ್ತದಲ್ಲಿದೆ. ಬೆಕ್ಕಿನ ಜಗಳಕ್ಕೆ ಬೆಕ್ಕಿನ ಚರ್ಮವೇ ಉಪಮೆಯಾಗಿ ಸಿಕ್ಕಿದ್ದು ನನಗೆ ಸ್ವಲ್ಪ ಮುಜುಗರ ತಂದಿತು. ಚರ್ಮ ಹದಮಾಡುವ ಕೆಲಸ ಯಾರದ್ದಾಗಿತ್ತು ಎಂಬುದೂ ನೆನಪಾಯಿತು. ಚರ್ಮ ತಾನಾಗಿ ಮೆತ್ತಗಾಗುವುದಿಲ್ಲ, ಕೈ ನೋಯುವಷ್ಟು ತಿಕ್ಕಬೇಕು ಎಂದು ಆ ಕೆಲಸ ಮಾಡಿದ ಮನೆಯವರಿಗೆ ಗೊತ್ತು.

ಈಗ ಮೂರು ಮಾತುಗಳಿಗೆ ಬರೋಣ. ಗಲೀಜಿನ ದೂರು ನಿಜ. ಅವರ ಅಂಗಳದಲ್ಲಿ ಚಾಲಿ ಅಡಿಕೆ ಒಣಗುತ್ತದೆ, ನಲವತ್ತು ದಿನಕ್ಕೂ ಹೆಚ್ಚು ಬಿಸಿಲಿಗೆ ಬಿದ್ದಿರುತ್ತದೆ. ಪಕ್ಕದಲ್ಲೇ ಹೊಯಿಗೆ ರಾಶಿ. ಸಡಿಲ ಹೊಯಿಗೆ ಕಂಡರೆ ಬೆಕ್ಕು ಬಿಡುವುದಿಲ್ಲ. ಮರುದಿನ ಶಾಲೆಗೆ ಹೊರಡುವ ಮೊದಲು ನಾನೂ ನಮ್ಮವರೂ ಹೋಗಿ ನೋಡಿದೆವು. ಮಾತಿನ ನಡುವೆ ಇನ್ನೊಂದು ಸಂಗತಿ ತಿಳಿಯಿತು. ಅವರ ಮಗಳು ಬಸುರಿ, ಬಾಣಂತನಕ್ಕೆ ಬಂದಿದ್ದಾಳೆ. ಬೆಕ್ಕಿನ ಗಲೀಜಿನಿಂದ ಹೊಟ್ಟೆಯ ಮಗುವಿಗೆ ತೊಂದರೆ ಎಂದು ಯಾರೋ ಹೇಳಿದ್ದರು. ಸಿಟ್ಟಿನ ಬುಡದಲ್ಲಿ ಹೆದರಿಕೆ ಇತ್ತು. ಆ ಹೆದರಿಕೆ ಪೂರ್ತಿ ಸುಳ್ಳೂ ಅಲ್ಲ. ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಬೆಕ್ಕಿನ ಮಲದಲ್ಲಿ ಬರಬಹುದು. ಆದರೆ ಹೊರಬಿದ್ದ ಕೂಡಲೇ ಅದು ಅಂಟುವುದಿಲ್ಲ, ಕನಿಷ್ಠ ಒಂದು ದಿನ ಬೇಕು. ಹಾಗಾಗಿ ದಿನಾ ತೆಗೆದುಬಿಟ್ಟರೆ ಅಪಾಯ ಬಹಳ ಕಡಿಮೆ. ಬಸುರಿ ಅದನ್ನು ಮುಟ್ಟಬಾರದು, ಮಣ್ಣು ಮುಟ್ಟಿದ ಕೈಯನ್ನು ಸಾಬೂನು ಹಾಕಿ ತೊಳೆಯಬೇಕು. ಸರಿಯಾಗಿ ಬೇಯದ ಮಾಂಸದಿಂದಲೂ, ಮಣ್ಣು ಮೆತ್ತಿದ ತರಕಾರಿಯಿಂದಲೂ ಅದು ಬರುತ್ತದೆ.

ನಮ್ಮ ಕಾಂಪೌಂಡಿನ ಪೇರಳೆ ಮರದಡಿ ಎರಡು ಹಳೆಯ ಬೇಸಿನ್‌ಗಳಲ್ಲಿ ಹೊಯಿಗೆಯೂ ಮರದ ಹುಡಿಯೂ ತುಂಬಿಸಿಟ್ಟೆವು. ದಿನಾ ಬೆಳಿಗ್ಗೆ ತೆಗೆದು ಹೂಳುವುದು ನಮ್ಮ ಕೆಲಸ. ಅವರ ಹೊಯಿಗೆ ರಾಶಿಗೆ ಟಾರ್ಪಾಲು, ಅಡಿಕೆಗೆ ಬಲೆ. ಬಲೆಯ ದುಡ್ಡು ನಾವು ಕೊಟ್ಟೆವು. ಊಟ ಹಾಕುವ ಜಾಗವನ್ನು ಬೇಲಿಯ ಬದಿಯಿಂದ ಹಿತ್ತಿಲಿಗೆ ಬದಲಿಸಿದೆವು. ಹೊತ್ತು ಗೊತ್ತುಮಾಡಿ ಹಾಕುತ್ತೇವೆ, ಅರ್ಧ ಗಂಟೆಯಲ್ಲಿ ತಟ್ಟೆ ಎತ್ತುತ್ತೇವೆ. ಹಾಲು ಹಾಕುವುದಿಲ್ಲ. ಬೆಳೆದ ಬೆಕ್ಕುಗಳಿಗೆ ಸಾಮಾನ್ಯವಾಗಿ ಹಾಲು ಅರಗುವುದಿಲ್ಲ, ಭೇದಿಯಾಗುತ್ತದೆ, ಗಲೀಜು ಹೆಚ್ಚುತ್ತದೆ. ಮುಖ್ಯವಾದದ್ದು ಸಂತಾನಶಕ್ತಿ ಹರಣದ ಆಪರೇಷನ್. ಹೆಣ್ಣು ಬೆಕ್ಕು ಐದಾರು ತಿಂಗಳಿಗೇ ಗಬ್ಬವಾಗಬಹುದು, ಹೊತ್ತುಕೊಳ್ಳುವುದು ಒಂಬತ್ತೇ ವಾರ. ಅನ್ನ ಹಾಕಿ ಆಪರೇಷನ್ ಮಾಡಿಸದಿದ್ದರೆ ಮರಿಗಳು ಹುಟ್ಟಿ ರಸ್ತೆಯಲ್ಲಿ ಸಾಯುತ್ತವೆ. ಅದನ್ನು ಮೈತ್ರಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಯಾರಿಗಾದರೂ ಬೆಕ್ಕು ಪರಚಿದರೆ, ಕಚ್ಚಿದರೆ ಸಾಬೂನು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರೇಬಿಸ್ ನಾಯಿಯಿಂದ ಮಾತ್ರ ಬರುವುದಲ್ಲ.

ಎರಡನೆಯದು ಮೀನಿನ ಮಾತು. ಮೂಡುಬಿದಿರೆ ಜೈನಕಾಶಿ, ಹದಿನೆಂಟು ಬಸದಿಗಳ ಊರು. ಇಲ್ಲಿ ಅಹಿಂಸೆ ಎಂದ ಕೂಡಲೇ ಜನರ ಕಣ್ಣು ಊಟದ ತಟ್ಟೆಯ ಮೇಲೆ ಹೋಗುತ್ತದೆ. ಬಾಬಾಸಾಹೇಬರು ಇದನ್ನು ಬಿಡಿಸಿ ಹೇಳಿದ್ದಾರೆ. ಬ್ರಾಹ್ಮಣ್ಯದಲ್ಲಿ ಕೊಲ್ಲುವ ಇಚ್ಛೆಯಿದೆ, ಜೈನದಲ್ಲಿ ಎಂದೂ ಕೊಲ್ಲಬಾರದೆಂಬ ಇಚ್ಛೆಯಿದೆ, ಬುದ್ಧರದ್ದು ನಡುವಿನ ದಾರಿ ಎಂದು ಅವರು ಗುರುತಿಸುತ್ತಾರೆ. ಕೊಲ್ಲಬೇಕೆಂಬ ಇಚ್ಛೆ ಬೇರೆ, ಅಗತ್ಯ ಬೇರೆ. ಅಹಿಂಸೆಯನ್ನು ಬುದ್ಧರು ಕಣ್ಣುಮುಚ್ಚಿ ಪಾಲಿಸುವ ನಿಯಮವಾಗಿ ಅಲ್ಲ, ಯೋಚಿಸಿ ನಡೆಯುವ ತತ್ವವಾಗಿ ಕೊಟ್ಟರು ಎಂಬುದು ಅವರ ವಾದ. ಈ ಓದಿನ ಬಲದಿಂದಲೇ ನಾನು ಅವರಿಗೆ ಹೇಳಿದೆ: "ಸಾರ್, ಮೀನು ನಮ್ಮ ಊಟ. ಅದರ ಬಗ್ಗೆ ಮಾತು ಬೇಡ. ಗಲೀಜಿನ ವಿಷಯ ಹೇಳಿ, ಅದು ನನ್ನ ಕೆಲಸ." ಸ್ವರ ಏರಿಸಲಿಲ್ಲ. ಇಷ್ಟು ಹೇಳದೆ ಬಿಟ್ಟಿದ್ದರೆ ನಾಳೆ ಅಡಿಗೆಮನೆಯ ಕಿಟಕಿ ಮುಚ್ಚಿ ಎನ್ನುತ್ತಿದ್ದರು.

ಮೂರನೆಯದು ವಿಷದ ಮಾತು. ಇದಕ್ಕೆ ನಗುವುದೂ ಸಲ್ಲ, ನುಂಗುವುದೂ ಸಲ್ಲ. ಅವರ ಮಗನ ಎದುರಿಗೇ ಹೇಳಿದೆವು, ವಿಷ ಇಟ್ಟ ಮೀನನ್ನು ಬೆಕ್ಕೇ ತಿನ್ನುತ್ತದೆ ಎಂದಿಲ್ಲ, ಕೋಳಿ ಕುಕ್ಕುತ್ತದೆ, ಕಾಗೆ ಎತ್ತಿ ಬಾವಿಕಟ್ಟೆಗೆ ಹಾಕುತ್ತದೆ, ಅಂಬೆಗಾಲಿಡುವ ಮಗು ಹೆಕ್ಕುತ್ತದೆ ಎಂದು. ಕಾನೂನನ್ನೂ ಹೇಳಿದೆವು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಸೆಕ್ಷನ್ 11 ಇದನ್ನು ಅಪರಾಧವೆನ್ನುತ್ತದೆ. ಅದರ ದಂಡ ಮೊದಲ ಸಲಕ್ಕೆ ಐವತ್ತು ರೂಪಾಯಿ ದಾಟುವುದಿಲ್ಲ, ನಿಜ. ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 325ರಲ್ಲಿ ಪ್ರಾಣಿಗೆ ವಿಷ ಹಾಕಿ ಕೊಲ್ಲುವುದಕ್ಕೆ ಐದು ವರ್ಷದವರೆಗೆ ಸಜೆಯಿದೆ. ಅದೇ ಕಾನೂನು ನಮಗೂ ಹೊಣೆ ಕೊಟ್ಟಿದೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಲ್ಲಿ 20ನೆಯದು ಬೀದಿಯ ಪ್ರಾಣಿಗಳಿಗೆ ಊಟ ಹಾಕುವುದರ ಬಗ್ಗೆಯೇ ಇದೆ. ಮಕ್ಕಳು ಆಡುವ ಜಾಗ, ಮೆಟ್ಟಿಲು, ಓಡಾಡುವ ಬಾಗಿಲು ಇವುಗಳಿಂದ ದೂರ ಹಾಕಬೇಕು, ಹೊತ್ತು ಗೊತ್ತುಮಾಡಬೇಕು, ಜಾಗ ಗಲೀಜಾಗದಂತೆ ನೋಡಿಕೊಳ್ಳಬೇಕು.

ಕೋರ್ಟಿಗೆ ಹೋಗುತ್ತೇನೆ ಎನ್ನುವವರಿಗೆ ಒಂದು ಮಾತು. 2024ರ ಜುಲೈಯಲ್ಲಿ ಡೈಸಿ ಎಂಬ ಬೆಕ್ಕಿನ ಜಗಳ ಕರ್ನಾಟಕ ಹೈಕೋರ್ಟಿನವರೆಗೆ ಹೋಗಿತ್ತು. ನೆರೆಯವರು ಬೆಕ್ಕನ್ನು ಹಿಡಿದಿಟ್ಟುಕೊಂಡಿದ್ದಾರೆ ಎಂಬ ದೂರು, ಪೊಲೀಸರ ಚಾರ್ಜ್‌ಶೀಟು ಬೇರೆ. ಇಂಥ ಕೇಸುಗಳು ನ್ಯಾಯಾಲಯದ ದಾರಿಗೆ ಅಡ್ಡ ಎಂಬ ಅಭಿಪ್ರಾಯದೊಂದಿಗೆ ನ್ಯಾಯಮೂರ್ತಿಗಳು ತಡೆ ಕೊಟ್ಟರು. ಬೇಲಿಯ ಬದಿಯಲ್ಲಿ ಮುಗಿಯುವುದನ್ನು ಬೆಂಗಳೂರಿಗೆ ಒಯ್ಯಬೇಡಿ.

ಆದರೆ ನೆರೆಯವರ ಬಾಯಿಂದ ಜಾತಿಯ ಹೆಸರು ಬಂದರೆ ಅದು ಬೆಕ್ಕಿನ ಜಗಳವಾಗಿ ಉಳಿಯುವುದಿಲ್ಲ. ನಾಲ್ಕು ಜನ ಕಾಣುವ, ಕೇಳುವ ಜಾಗದಲ್ಲಿ ಜಾತಿ ಹೆಸರೆತ್ತಿ ಬೈಯುವುದು 1989ರ ದೌರ್ಜನ್ಯ ತಡೆ ಕಾಯ್ದೆಯ ಸೆಕ್ಷನ್ 3(1)(ಎಸ್) ಪ್ರಕಾರ ಅಪರಾಧ. "ನೀವು ಬೌದ್ಧರಾದಿರಲ್ಲ, ನಿಮಗೆ ಆ ಕಾಯ್ದೆ ಎಲ್ಲಿ?" ಎಂದು ಹೆದರಿಸುವವರಿದ್ದಾರೆ. 1990ರ ತಿದ್ದುಪಡಿಯ ನಂತರ ಬೌದ್ಧರಾದ ಪರಿಶಿಷ್ಟ ಜಾತಿಯವರೂ ಪರಿಶಿಷ್ಟ ಜಾತಿಯವರೇ. ದಿನಾಂಕ, ಹೊತ್ತು, ಆಡಿದ ಮಾತು, ಅಲ್ಲಿದ್ದವರ ಹೆಸರು ಇವನ್ನು ಅದೇ ದಿನ ಬರೆದಿಡಿ. 'ಎಲ್ಲೆಲ್ಲಿಂದಲೋ ಬಂದವರು' ಎಂಬ ಮಾತಿಗೆ ನಾನು ಕೇಸು ಹಾಕಲಿಲ್ಲ, ಅದರಲ್ಲಿ ಹೆಸರಿಲ್ಲ. ಡೈರಿಯಲ್ಲಿ ಬರೆದಿಟ್ಟಿದ್ದೇನೆ.

ನಮ್ಮ ನೆರೆಯವರು ಈಗಲೂ ನನ್ನೊಡನೆ ಮಾತಾಡುವುದಿಲ್ಲ. ಎದುರು ಸಿಕ್ಕರೆ ಫೋನ್ ನೋಡುತ್ತಾರೆ. ಬೊಬ್ಬೆ ನಿಂತು ಎಂಟು ತಿಂಗಳಾಯಿತು. ಏಳರಲ್ಲಿ ಐದು ಬೆಕ್ಕುಗಳು ಉಳಿದಿವೆ. ಎರಡನ್ನು ವಾಹನಗಳು ಕೊಂದವು. ಮಗಳಿಗೆ ಹೆಣ್ಣು ಮಗು, ತೊಟ್ಟಿಲಿಗೆ ಹಾಕುವ ದಿನ ಅವರ ಹೆಂಡತಿ ಬೇಲಿಯ ಮೇಲಿಂದ ಪಾಯಸದ ಗಿಂಡಿ ಕೊಟ್ಟರು. ಅವರು ಒಳಗೇ ಇದ್ದರು.

ಮುಂದಿನ ಭಾನುವಾರಕ್ಕೆ ಎಲ್ಲರೂ ಕಕಚೂಪಮ ಸುತ್ತ ಓದಿ ಬನ್ನಿ. ಒಂದೇ ಪ್ರಶ್ನೆಯ ಮೇಲೆ ಮಾತಾಡೋಣ: ಎರಡನೆಯ ದಿನ ಬೈಗುಳ ತಿಂದ ಮೇಲೆ ಒಡತಿಯ ಸ್ವಭಾವ ಕಾಳಿಗೆ ಗೊತ್ತಾಗಿತ್ತು, ಮತ್ತೆ ಮೂರನೆಯ ದಿನವೂ ತಡವಾಗಿ ಎದ್ದದ್ದೇಕೆ? ಹಿರಿಯರ ಉತ್ತರ ಕೇಳಲು ನಾನಂತೂ ಕಾಯುತ್ತಿದ್ದೇನೆ. ಸ್ಥಳ ಅದೇ, ಬೆಳಿಗ್ಗೆ ಹತ್ತಕ್ಕೆ.

ಬೆಳ್ತಂಗಡಿಯ ತಂಗೀ, ನಮ್ಮಲ್ಲಿ ಬೇಸಿನ್ ಒಂದು ಹೆಚ್ಚಿಗೆ ಇದೆ. ಬರುವಾಗ ತರುತ್ತೇನೆ, ಹೊಯಿಗೆ ನೀನೇ ನೋಡಿಕೋ.

ಜೈ ಭೀಮ್.